ಹುಳುಮನೆಯ ಮುಂದೆ ನಿಂತ ಕ್ಯಾಮೆರಾ

ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಕಸುಬುಗಳ ಮೇಲೆ ಒಂದು ಸಾಕ್ಷ್ಯಚಿತ್ರ ಬರುತ್ತದೆ. ಒಂದು ವಾರ ಊದುಬತ್ತಿ ಹೊಸೆಯುವವರು, ಇನ್ನೊಂದು ವಾರ ಮರದ ಗೊಂಬೆ ಮಾಡುವವರು, ಹೀಗೆ. ಹಿಂದಿನಿಂದ ಒಬ್ಬ ಗಂಡಸು ದಪ್ಪ ದನಿಯಲ್ಲಿ ಎಲ್ಲವನ್ನೂ ವಿವರಿಸುತ್ತಾನೆ. ಕೆಲಸ ಮಾಡುವವರು ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ಮೊಮ್ಮಗಳಿಗೆ ಈ ಕಾರ್ಯಕ್ರಮ ಎಂದರೆ ಪ್ರಾಣ, ನನಗೆ ಅಷ್ಟಕ್ಕಷ್ಟೆ. ಆದರೂ ಕೂತು ನೋಡುತ್ತೇನೆ. ಎಲ್ಲರೂ ಹೊಸೆಯುವ ಕೈಯನ್ನೋ ತಿರುಗುವ ಚಕ್ರವನ್ನೋ ನೋಡುತ್ತಿದ್ದರೆ ನಾನು ಹಿಂದೆ ಯಾರು ನಿಂತಿದ್ದಾರೆ ಎಂದು ಹುಡುಕುತ್ತೇನೆ. ಕಂಬದ ಮರೆಯಲ್ಲಿ, ಬಾಗಿಲ ಸಂದಿಯಲ್ಲಿ ಯಾರದಾದರೂ ಮುಖ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅಯ್ಯೋ ಪಾಪ, ಇವರ ಕಣ್ಣಿಗೆ ಬಿದ್ದುಬಿಟ್ಟನಲ್ಲ ಎಂದುಕೊಳ್ಳುತ್ತೇನೆ.

ಹೋದ ವಾರ ರೇಷ್ಮೆಯ ಸರದಿ ಬಂತು. ದೊಡ್ಡ ಹಾಲು, ಬಿಳಿ ಗೋಡೆ, ಮಾಲೀಕ ಟೈ ಕಟ್ಟಿಕೊಂಡು ತನ್ನ ಉದ್ದಿಮೆ ಬೆಳೆದ ಬಗೆಯನ್ನು ಹೇಳುತ್ತಿದ್ದ. ಟೀವಿಗೆ ವಾಸನೆ ಇಲ್ಲ ಎಂದು ಯಾರು ಹೇಳಿದರೋ. ತಟ್ಟೆಯ ತುಂಬ ಹುಳು ಕಂಡದ್ದೇ ತಡ, ಹಸಿ ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಹುಳುವಿನ ಹಿಕ್ಕೆ, ಮೂರೂ ಬೆರೆತ ವಾಸನೆ ನನ್ನ ಮೂಗಿಗೆ ಬಂದೇ ಬಂತು. ಎದ್ದು ಹೋಗಿ ನೀರು ಕುಡಿದೆ. ಏನಾಯಿತಜ್ಜಿ ಎಂದು ಮೊಮ್ಮಗಳು ಕೇಳಿದಳು. ಹೆದರಿಕೆಯಾಯಿತು ಎಂದೆ. ನಕ್ಕಳು. ನಗಲಿ, ಅವಳಿಗೇನು ಗೊತ್ತು. ನಲವತ್ತೆರಡನೇ ಇಸವಿಯಲ್ಲಿ ನಾನು ಹೆದರಿದ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ.

ಆಗ ತೂಬಗೆರೆ ಹೋಬಳಿಯ ಒಂದು ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡನೇ ವರ್ಷ. ಹಿತ್ತಲಲ್ಲಿ ನಿಂತರೆ ನಂದಿಬೆಟ್ಟ ಕಾಣುತ್ತಿತ್ತು. ಮನೆಯಲ್ಲಿ ನಮ್ಮತ್ತೆ, ನಮ್ಮ ಯಜಮಾನರು ಮತ್ತು ನಾನು. ಮೈದುನ ರಂಗ ಬೆಂಗಳೂರಿನಲ್ಲಿ ಓದುತ್ತಿದ್ದ. ಬಾಯಿ ಜೋರಿನ ಹುಡುಗ, ಆದರೆ ಮನಸ್ಸು ಬೆಣ್ಣೆ. ಹೊಲದಲ್ಲಿ ರಾಗಿ, ಬಾವಿಯ ಪಕ್ಕ ಹಿಪ್ಪುನೇರಳೆ, ಹಿತ್ತಲಲ್ಲಿ ಹುಳುಮನೆ. ಹುಳುಮನೆ ಎಂದರೆ ನಾಡಹೆಂಚಿನ ಒಂದು ಉದ್ದನೆಯ ಕೋಣೆ, ಬಗ್ಗಿ ಹೋಗಬೇಕಾದ ಬಾಗಿಲು, ಮೇಲೆ ಒಂದು ಅಟ್ಟ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಆ ಅಟ್ಟದ ಮೇಲೆ ಒಟ್ಟಿರುತ್ತಿದ್ದೆವು.

ನಮ್ಮ ಕಡೆ ಹುಳುಮನೆಗೆ ಇದ್ದ ಮಡಿ ದೇವರ ಮನೆಗೂ ಇರಲಿಲ್ಲ. ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟವರು ಮಾತ್ರ ಒಳಗೆ ಹೋಗಬೇಕು. ಹೊಸ್ತಿಲಿಗೆ ಸುಣ್ಣ ಚೆಲ್ಲಬೇಕು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು. ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಕೂಡದು. ಹೊರಗಿನವರಂತೂ, ಅವರು ಯಾರೇ ಆಗಿರಲಿ, ಹೊಸ್ತಿಲು ದಾಟುವ ಹಾಗೇ ಇಲ್ಲ. ಹುಳುವಿಗೆ ದೃಷ್ಟಿಯಾಗುತ್ತದೆ, ಬೆಳೆ ಹೋಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ತಾಲ್ಲೂಕಿನ ಅಮಲ್ದಾರರು ಬಂದರೂ ಹೊರಗೇ ಮಣೆ ಹಾಕುತ್ತಿದ್ದರು.

ಪಕ್ಕದ ಮನೆ ಹನುಮಕ್ಕನದು. ಗಂಡನಿಲ್ಲ, ಒಬ್ಬನೇ ಮಗ ಕೆಂಪಣ್ಣ. ಅವನೂ ರಂಗನೂ ಓರಗೆಯವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಯುದ್ಧ ಜೋರಾದಾಗ ಕೆಂಪಣ್ಣ ಮಿಲಿಟರಿಗೆ ಸೇರಿದ. ಹೊರಡುವ ದಿನ ರಂಗ ಅರಳಿಕಟ್ಟೆಯ ಮೇಲೆ ಹತ್ತು ಜನರ ಮುಂದೆ, ಬಿಳಿಯರಿಗೋಸ್ಕರ ಸಾಯೋಕೆ ಹೋಗ್ತಿದೀಯೇನಲಾ ಎಂದು ಅವನನ್ನು ಹಂಗಿಸಿದ್ದ. ಹನುಮಕ್ಕ ಅದನ್ನು ಕೇಳಿಸಿಕೊಂಡಿದ್ದಳು. ಆ ವರ್ಷದ ಗೌರಿಹಬ್ಬದ ಹಿಂದುಮುಂದೆ, ಬರ್ಮಾ ಕಡೆ ಕೆಂಪಣ್ಣ ಸತ್ತ ಸುದ್ದಿ ಬಂತು. ಮಗನ ಹೆಣವನ್ನೂ ಕಾಣದ ಆ ತಾಯಿ ನೇರ ನಮ್ಮ ಬಾಗಿಲಿಗೆ ಬಂದು ನಿಂತಳು. ಅಳಲಿಲ್ಲ. "ನಿನ್ನ ಮಗನ ಬಾಯಿ ಫಲಿಸ್ತು ಕಣಕ್ಕ," ಎಂದು ನಮ್ಮತ್ತೆಗೆ ಹೇಳಿ ಹೊರಟುಹೋದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಬೆಂಕಿಗೂ ಬರುತ್ತಿರಲಿಲ್ಲ, ಮಜ್ಜಿಗೆಗೂ ಬರುತ್ತಿರಲಿಲ್ಲ.

ಅದೇ ಹೊತ್ತಿಗೆ ಚಳವಳಿ ಹೊತ್ತಿಕೊಂಡಿತ್ತು. ದೊಡ್ಡಬಳ್ಳಾಪುರದ ಹತ್ತಿರ ರೈಲು ದಾರಿಯ ಪಕ್ಕದ ತಂತಿಗಳನ್ನು ಯಾರೋ ಕತ್ತರಿಸಿದರು. ಆ ಗುಂಪಿನಲ್ಲಿ ರಂಗನೂ ಇದ್ದ. ಜೊತೆಯವರು ಸಿಕ್ಕಿಬಿದ್ದರು, ಇವನು ತಪ್ಪಿಸಿಕೊಂಡ. ದೀಪಾವಳಿಗೆ ಮುಂಚೆ ಒಂದು ಬೆಳಗಿನ ಜಾವ, ಸೊಪ್ಪು ಕೊಯ್ಯಲು ಹೋದ ನಮ್ಮ ಯಜಮಾನರ ಹಿಂದೆ ನೆನೆದ ಕೋಳಿಯ ಹಾಗೆ ಮುದುರಿಕೊಂಡು ಬಂದ. ನಮ್ಮತ್ತೆ ಬಿಸಿನೀರು ಹುಯ್ದು, ಮಗನನ್ನು ಹುಳುಮನೆಯ ಅಟ್ಟ ಹತ್ತಿಸಿದರು. ನಮ್ಮ ಊರಿನಲ್ಲಿ ಯಾರೂ ಕಾಲಿಡದ ಜಾಗ ಅದೊಂದೇ.

ಹೆದರಿಕೆ ಎಂದರೆ ಏನೆಂದು ಆಗ ನನಗೆ ಗೊತ್ತಾಯಿತು. ನಾಯಿ ಬೊಗಳಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಸೊಪ್ಪಿನ ಕುಕ್ಕೆಯ ತಳದಲ್ಲಿ ಮುದ್ದೆ ಇಟ್ಟುಕೊಂಡು ಹೋಗಿ ಅಟ್ಟಕ್ಕೆ ಏರಿಸುವಾಗ ನಾಲ್ಕು ಸಲ ಹಿಂದಿರುಗಿ ನೋಡುತ್ತಿದ್ದೆ. ಪೊಲೀಸ್ ದಫೇದಾರರು ಎರಡು ಸಲ ಬಂದು ಮನೆ ಜಾಲಾಡಿದರು. ರಂಗನನ್ನು ಅವರು ಕಣ್ಣಾರೆ ಕಂಡವರಲ್ಲ. ಕ್ರಾಪು, ಕನ್ನಡಕ, ಬಿಳಿ ಪೈಜಾಮ ಎಂದು ಯಾರೋ ಹೇಳಿದ ಚಹರೆಯನ್ನು ಹಿಡಿದುಕೊಂಡು ತಿರುಗುತ್ತಿದ್ದರು. ಹುಳುಮನೆಯ ಮುಂದೆ ಬಂದಾಗ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತು, ಹುಳ ಐತೆ ಸ್ವಾಮಿ ಎಂದರು. ದಫೇದಾರರ ಹೆಂಡತಿಯ ತವರು ಅನುಗೊಂಡನಹಳ್ಳಿ ಕಡೆ, ಅಲ್ಲಿಯೂ ಹುಳು ಸಾಕುತ್ತಿದ್ದರಂತೆ. ಚಪ್ಪಲಿ ಕಾಲಿನಲ್ಲೇ ಎರಡು ಹೆಜ್ಜೆ ಹಿಂದೆ ಸರಿದು, ಬೆಳೆ ಚೆನ್ನಾಗಾಗಲಿ ತಾಯಿ ಎಂದು ಹೋದರು. ನಮಗೆ ಹೆಚ್ಚು ಭಯವಿದ್ದದ್ದು ಪೊಲೀಸರದಲ್ಲ, ಹನುಮಕ್ಕನದು. ಅವಳ ಹಿತ್ತಲಿಗೂ ನಮ್ಮದಕ್ಕೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಕುಕ್ಕೆ ಹೊತ್ತು ಹೋಗುವಾಗೆಲ್ಲ ಅವಳು ಅಲ್ಲಿ ನಿಂತು ನೋಡುತ್ತಿದ್ದಳು. ಸರ್ಕಾರಕ್ಕಾಗಿ ಮಗನನ್ನು ಕಳೆದುಕೊಂಡವಳು, ಸರ್ಕಾರದ ತಂತಿ ಕತ್ತರಿಸಿದವನನ್ನು ಯಾಕೆ ಸುಮ್ಮನೆ ಬಿಡಬೇಕು? ಅವಳ ಜಾಗದಲ್ಲಿ ನಾನಿದ್ದರೆ ಬಿಡುತ್ತಿರಲಿಲ್ಲ.

ಹೀಗಿರುವಾಗ ಶ್ಯಾನುಭೋಗರು ಒಂದು ದಿನ ನಗುನಗುತ್ತ ಬಂದರು. ಯುದ್ಧಕ್ಕೆ ಬೇಕಾದ ಪ್ಯಾರಾಚೂಟಿಗೆ ನಮ್ಮ ಸೀಮೆಯ ರೇಷ್ಮೆ ಹೋಗುತ್ತದಂತೆ. ಅದನ್ನು ಬೆಳೆಯುವ ಜನರ ಕೆಲಸವನ್ನು ಸಿನಿಮಾ ತೆಗೆಯಲು ಬೊಂಬಾಯಿಯಿಂದ ಒಂದು ತಂಡ ಬಂದಿದೆಯಂತೆ. ಕಥೆ ಇಲ್ಲ, ಹಾಡಿಲ್ಲ, ಕೆಲಸ ಮಾಡುವುದನ್ನೇ ತೆಗೆಯುತ್ತಾರಂತೆ. ಹೋಬಳಿಯಲ್ಲಿ ಅಚ್ಚುಕಟ್ಟಾದ ಹುಳುಮನೆ ಯಾವುದು ಎಂದು ಅಮಲ್ದಾರರು ಕೇಳಿದಾಗ, ಇವರು ಹೆಮ್ಮೆಯಿಂದ ನಮ್ಮದನ್ನು ಹೇಳಿಬಿಟ್ಟಿದ್ದರು. ನಾಳೆ ಬರುತ್ತಾರೆ, ಅಂಗಳ ಸಾರಿಸಿಡಿ ಎಂದರು. ನಮ್ಮತ್ತೆ ಹಾಗೇ ಕುಸಿದು ಕೂತರು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದುಕೊಂಡು ಶ್ಯಾನುಭೋಗರು ಹೋದರು.

ರಾತ್ರಿಯೇ ರಂಗನನ್ನು ಸಾಗಿಸೋಣವೆಂದರೆ, ತಂಡದ ಸಾಮಾನು ಕಾಯಲು ಅಂದೇ ಸಂಜೆ ದಫೇದಾರರನ್ನೂ ಒಬ್ಬ ಪೇದೆಯನ್ನೂ ನಮ್ಮ ಜಗಲಿಗೇ ಕಳಿಸಿದ್ದರು. ಒಳಗೆ ಹೊರಗೆ ಎಲ್ಲೂ ಕದಲುವಂತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಲಾರಿ ಬಂತು. ಅರ್ಧ ಚಲ್ಲಣ ತೊಟ್ಟ, ಹೊಟ್ಟೆ ಮುಂದಿದ್ದ ಒಬ್ಬ ದೊರೆಯಂಥವರು, ಅವರೇ ಚಿತ್ರ ತೆಗೆಯುವವರು. ಅವರ ಜೊತೆ ಬೆಂಗಳೂರಿನ ಒಬ್ಬ ಗುಮಾಸ್ತರು, ಅವರ ಮಾತನ್ನು ನಮಗೆ ಕನ್ನಡದಲ್ಲಿ ಹೇಳುವವರು. ಮುಕ್ಕಾಲಿಯ ಮೇಲೆ ಕಪ್ಪು ಪೆಟ್ಟಿಗೆ ನಿಲ್ಲಿಸಿದರು. ಬೇಗಡೆ ಅಂಟಿಸಿದ ಹಲಗೆಗಳನ್ನು ಹಿಡಿದು ಬಿಸಿಲನ್ನು ಅತ್ತ ಇತ್ತ ತಿರುಗಿಸಿದರು. ಊರೆಲ್ಲ ನೆರೆಯಿತು. ಮೊದಲು ಸೊಪ್ಪು ಕೊಯ್ಯುವುದನ್ನು ತೆಗೆದರು, ನಾನು ಸೊಪ್ಪು ಹೆಚ್ಚುವುದನ್ನು ತೆಗೆದರು. ನಾನು ತಲೆ ಎತ್ತದೆ ಸೊಪ್ಪನ್ನೇ ನೋಡುತ್ತಿದ್ದೆ. ನಾಚಿಕೆ ಎಂದು ಗುಮಾಸ್ತರು ನಕ್ಕರು. ಆಮೇಲೆ ಆ ದೊರೆ ಹುಳುಮನೆಯತ್ತ ಕೈ ತೋರಿಸಿದರು.

ನಮ್ಮತ್ತೆ ಅಡ್ಡ ನಿಂತರು. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ ಎಂದರು. ಹುಳುವಿನ ಜ್ವರ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಆಗ ಅವು ತಿನ್ನದೆ, ತಲೆ ಎತ್ತಿಕೊಂಡು ಕದಲದೆ ಕೂರುತ್ತವೆ. ಅವನ್ನು ಮುಟ್ಟಬಾರದು, ಗಾಳಿ ಬಿಸಿಲು ತಾಕಿಸಬಾರದು. ಅತ್ತೆ ಹೇಳಿದ್ದು ನಿಜವೇ. ಆದರೆ ಬೊಂಬಾಯಿಯವರಿಗೆ ಜ್ವರವೂ ಗೊತ್ತಿಲ್ಲ, ಮಡಿಯೂ ಗೊತ್ತಿಲ್ಲ. ಅವರು ಬಾಗಿಲಲ್ಲಿ ಇಣುಕಿ, ಒಳಗೆ ಕತ್ತಲೆ ಎಂದು ತಲೆಯಾಡಿಸಿ, ಮೇಲಿನ ಸೂರನ್ನು ನೋಡುತ್ತ ಏನೋ ಹೇಳಿದರು. ಗುಮಾಸ್ತರು ಅದನ್ನು ನಮಗೆ ಹೇಳಿದರು. ಆ ಮೂಲೆಯ ಹೆಂಚು ತೆಗೆಸುತ್ತಾರಂತೆ, ಬೆಳಕು ಬೀಳಲಿ ಅಂತ. ಆ ಮೂಲೆಯ ಹೆಂಚಿನ ಕೆಳಗೇ ಅಟ್ಟ.

ಆಳುಗಳು ಏಣಿ ಹುಡುಕಲು ಹೋದರು. ನಾನು ಏನು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಹೆಂಚು ಬೇಡ, ತಟ್ಟೆಗಳನ್ನೇ ಅಂಗಳಕ್ಕೆ ತರುತ್ತೇವೆ, ಬಿಸಿಲಲ್ಲಿ ಎಷ್ಟು ಬೇಕಾದರೂ ತೆಗೆಯಿರಿ. ಕೂಡಿದ ಹೆಂಗಸರೆಲ್ಲ ಬಾಯಿಗೆ ಕೈ ಹಚ್ಚಿಕೊಂಡರು. ಜ್ವರಕ್ಕೆ ಕೂತ ಹುಳುವನ್ನು ಬಿಸಿಲಿಗೆ ಇಡುತ್ತೇನೆ ಎನ್ನುವ ಸೊಸೆಗೆ ತಲೆ ಕೆಟ್ಟಿರಬೇಕು. ನಮ್ಮತ್ತೆ ಮಾತ್ರ ನನ್ನ ಮುಖ ನೋಡಿ, ಹೂಂ ಎಂದು ತಲೆಯಾಡಿಸಿದರು. ಅಷ್ಟು ದಿನ ಮಗುವಿನ ಹಾಗೆ ಸಾಕಿದ ಬೆಳೆಯನ್ನು ಅವರು ಕೈಬಿಟ್ಟದ್ದು ಆ ಒಂದು ತಲೆಯಾಟದಲ್ಲಿ.

ದೊರೆಗೆ ಖುಷಿಯಾಯಿತು. ಸಾಲಾಗಿ ಜನ ತಟ್ಟೆ ಹೊತ್ತು ಆ ಪುಟ್ಟ ಬಾಗಿಲಿನಿಂದ ಬರಬೇಕು ಎಂದರು. ಇಷ್ಟೊಂದು ತಟ್ಟೆಗೆ ನೀವು ಮೂವರು ಸಾಲುವುದಿಲ್ಲ, ನಾನೂ ಕೈ ಹಾಕುತ್ತೇನೆ ಎಂದು ದಫೇದಾರರು ಉಪಕಾರಕ್ಕೆ ಮುಂದಾದರು. ಹೇಗೂ ಹುಳು ಹೊರಗೆ ಬರುತ್ತಿವೆ, ಇನ್ನು ಮಡಿಯೇನು ಎಂದು ಚಪ್ಪಲಿ ಬಿಟ್ಟರು. ಬಗ್ಗಿ ಬಾಗಿಲೊಳಗೆ ತಲೆ ಹಾಕುವಷ್ಟರಲ್ಲಿ ಒಳಗಿನಿಂದ ಒಂದು ತಟ್ಟೆ ಅವರ ಎದೆಗೆ ತಾಕಿತು.

"ದಾರಿ ಬಿಡಿ ಸ್ವಾಮಿ, ಹುಳಾ ಬತ್ತವೆ."

ರಂಗ. ತಲೆಗೆ ನನ್ನ ಹಳೇ ಸೀರೆಯ ತುಂಡು ಸುತ್ತಿದ್ದ, ಮೊಣಕಾಲಿನ ಮೇಲಕ್ಕೆ ಪಂಚೆ ಕಟ್ಟಿದ್ದ, ಗಡ್ಡ ಬೆಳೆದಿತ್ತು, ಕನ್ನಡಕ ಇರಲಿಲ್ಲ. ಒಳಗೇ ಸಿಕ್ಕಿಬೀಳುವುದಕ್ಕಿಂತ ಎಲ್ಲರ ಎದುರೇ ಬರುವುದು ಮೇಲು ಎಂದು ಲೆಕ್ಕ ಹಾಕಿದ್ದನೋ, ಅಥವಾ ಕತ್ತಲೆಯಲ್ಲಿ ಕೂತು ಕೂತು ಸಾಕಾಗಿತ್ತೋ. ದಫೇದಾರರು ಸರಿದು ದಾರಿ ಬಿಟ್ಟರು. ನಮ್ಮ ಯಜಮಾನರು ಕೂಡಲೇ, ಬೇಗ ಬೇಗ ತಗೊಂಬಾರೋ ಎಂದು ಆಳಿಗೆ ಗದರಿಸುವಂತೆ ಗದರಿಸಿದರು. ನೆರೆದವರಲ್ಲಿ ಗುರುತು ಹಿಡಿದವರು ಎಷ್ಟೋ ಮಂದಿ ಇದ್ದಿರಬೇಕು, ಯಾರೂ ತುಟಿ ಬಿಚ್ಚಲಿಲ್ಲ. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ದೊರೆಗೆ ಬೇರೆ ಯಾರೂ ಬೇಡವಾದರು, ಈ ಆಳಿನ ಮುಖವೇ ಬೇಕಾಯಿತು. ಮತ್ತೆ ಒಳಗೆ ಹೋಗು, ಮತ್ತೆ ಬಾ, ತಲೆ ಎತ್ತು, ಕ್ಯಾಮೆರಾ ನೋಡು. ಪೆಟ್ಟಿಗೆಯನ್ನು ಅವನ ಮೂಗಿನ ಹತ್ತಿರಕ್ಕೆ ತಂದರು. ರಂಗ ತಲೆ ಎತ್ತಿದ. ಪೆಟ್ಟಿಗೆ ಗರಗರ ಎಂದಿತು. ಆಗ ನಾನು ಮಣ್ಣಿನ ಗೋಡೆಯ ಕಡೆ ನೋಡಿದೆ. ಹನುಮಕ್ಕ ಗೋಡೆಯ ಮೇಲೆ ಎರಡೂ ಕೈ ಊರಿ ರಂಗನನ್ನೇ ನೋಡುತ್ತಿದ್ದಳು.

ಲಾರಿ ಹೋಯಿತು. ಅದರ ಹಿಂದೆಯೇ ದಫೇದಾರರೂ ಹೋದರು. ಮರುದಿನ ಬೆಳಕು ಹರಿಯುವ ಮುಂಚೆ ರಂಗ ಹಿಂದೂಪುರದ ದಾರಿ ಹಿಡಿದ. ಬಿಸಿಲು ಕಂಡ ಹುಳುಗಳು ಜ್ವರದಿಂದ ಏಳಲೇ ಇಲ್ಲ. ಮೆತ್ತಗಾಗಿ, ಕಪ್ಪಾಗಿ, ನಾರಿದವು. ಬುಟ್ಟಿಗಟ್ಟಲೆ ತುಂಬಿ ಗುಂಡಿಗೆ ಸುರಿದು ಮಣ್ಣೆಳೆದೆವು. ನಮ್ಮತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕೈ ತೊಳೆದು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟರು.

ಆಮೇಲಿನ ತಿಂಗಳುಗಳೇ ಇನ್ನೂ ಕಷ್ಟ. ರಂಗ ಅಟ್ಟದ ಮೇಲಿದ್ದಾಗ ಒಂದು ಬಾಗಿಲು ಕಾಯುತ್ತಿದ್ದೆವು. ಈಗ ಅವನ ಮುಖ ಒಂದು ಪೆಟ್ಟಿಗೆಯೊಳಗೆ ಕೂತು ಎಲ್ಲಿಗೋ ಹೋಗಿತ್ತು. ಅದನ್ನು ಯಾವ ಊರಲ್ಲಿ ತೋರಿಸುತ್ತಾರೋ, ಯಾರು ನೋಡುತ್ತಾರೋ. ಬೆಂಗಳೂರಿನಲ್ಲಿ ಅವನನ್ನು ಬಲ್ಲವರು ಎಷ್ಟು ಜನ. ನಮ್ಮತ್ತೆ ದಿನಾ ದೀಪ ಹಚ್ಚಿ, ಆ ಸಿನಿಮಾ ಸುಟ್ಟುಹೋಗಲಿ ತಾಯಿ ಎಂದು ಕೈಮುಗಿಯುತ್ತಿದ್ದರು. ಯಾರದೋ ದುಡಿಮೆ ಸುಡಲಿ ಎಂದು ಬೇಡುತ್ತಿದ್ದೇವಲ್ಲ ಎಂದು ನನಗೆ ಒಂದೊಂದು ಸಲ ಅನ್ನಿಸುತ್ತಿತ್ತು. ಆದರೂ ನಾನೂ ಪಕ್ಕದಲ್ಲಿ ನಿಂತು ಅದನ್ನೇ ಬೇಡುತ್ತಿದ್ದೆ.

ಸುಟ್ಟುಹೋಗಲಿಲ್ಲ. ಯುಗಾದಿಗೆ ಮುಂಚೆ ಪ್ರಚಾರದ ವ್ಯಾನು ನಮ್ಮ ಊರಿಗೇ ಬಂತು. ನಿಮ್ಮ ಚಿತ್ರ ನಿಮಗೇ ಮೊದಲು ಎಂದು ಡಂಗುರ ಸಾರಿಸಿದರು. ದೊಡ್ಡಬಳ್ಳಾಪುರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್‌ಇನ್ಸ್‌ಪೆಕ್ಟರು, ನಮ್ಮ ದಫೇದಾರರು, ಆ ಗುಮಾಸ್ತರು, ಎಲ್ಲರೂ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನಾವು ಹೋಗದೆ ಇರುವಂತಿರಲಿಲ್ಲ. ನಮ್ಮ ಮನೆಯ ಚಿತ್ರಕ್ಕೆ ನಾವೇ ಇಲ್ಲವೆಂದರೆ ಯಾಕೆ ಎಂದು ಕೇಳುತ್ತಾರೆ. ಕತ್ತಲಾಗುತ್ತಲೇ ಕಣದಲ್ಲಿ ಬಿಳಿ ಪರದೆ ಬೆಳಗಿತು.

ನಮ್ಮ ಜನ ಸಿನಿಮಾ ನೋಡಿದವರಲ್ಲ. ಪರದೆಯ ಮೇಲೆ ತಮ್ಮವರು ಕಂಡರೆ ಸುಮ್ಮನೆ ಕೂರುವವರೂ ಅಲ್ಲ. ಒಂದೊಂದು ಮುಖ ಬಂದಾಗಲೂ ಹೆಸರು ಹಿಡಿದು ಕೂಗತೊಡಗಿದರು. ಅಗೋ ನಮ್ಮ ಮುನಿಶಾಮಿ ಅಂತ ಒಬ್ಬರು, ನೋಡ್ರಪ್ಪ ಪುಟ್ಟಕ್ಕನ ಎಮ್ಮೆ ಅಂತ ಇನ್ನೊಬ್ಬರು. ನಾನು ಸೊಪ್ಪು ಹೆಚ್ಚುವುದು ಬಂದಾಗ, ಜಯಮ್ಮ, ಜಯಮ್ಮ ಎಂದು ನಾಲ್ಕು ಕಡೆಯಿಂದ ಕೂಗಿದರು. ಈ ಖುಷಿಯ ಭರದಲ್ಲಿ ರಂಗನ ಮುಖ ಬಂದಾಗ ಯಾರಾದರೂ ಒಬ್ಬರು ಅವನ ಹೆಸರು ಕೂಗಿಬಿಟ್ಟರೆ? ಕೂಗುವವರಿಗೆ ಕೇಡು ಮಾಡುವ ಮನಸ್ಸೇ ಬೇಕಿಲ್ಲ, ಬಾಯಿ ತಪ್ಪಿದರೆ ಸಾಕು. ನಮ್ಮತ್ತೆಯ ಉಗುರು ನನ್ನ ತೋಳಿಗೆ ನಾಟಿತ್ತು. ಹನುಮಕ್ಕ ನಮಗಿಂತ ಎರಡು ಸಾಲು ಮುಂದೆ ಕೂತಿದ್ದಳು.

ಪುಟ್ಟ ಬಾಗಿಲು ಬಂತು. ತಟ್ಟೆ ಬಂತು. ಆಮೇಲೆ ಪರದೆಯ ತುಂಬ ರಂಗನ ಮುಖ. ಅಷ್ಟು ದೊಡ್ಡ ಮುಖ, ನೇರ ನಮ್ಮನ್ನೇ ನೋಡುತ್ತಿತ್ತು.

ಕಣಕ್ಕೆ ಕಣವೇ ನಿಶ್ಶಬ್ದವಾಯಿತು. ಒಬ್ಬರೂ ಕೂಗಲಿಲ್ಲ. ಎಲ್ಲರೂ ನಮಗಾಗಿ ಬಾಯಿ ಮುಚ್ಚಿಕೊಂಡಿದ್ದರು, ಆ ಮುಚ್ಚಿದ ಬಾಯಿಗಳೇ ನಮ್ಮನ್ನು ಹಿಡಿದುಕೊಟ್ಟವು. ಎಮ್ಮೆಗೂ ಕೂಗಿದ ಜನ ಈ ಮನುಷ್ಯನಿಗೆ ಯಾಕೆ ಸುಮ್ಮನಾದರು? ಸಬ್‌ಇನ್ಸ್‌ಪೆಕ್ಟರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನಮ್ಮೆಲ್ಲರ ಮುಖ ನೋಡಿದರು.

"ಯಾರು ಇವನು?" ಎಂದರು.

ಹನುಮಕ್ಕ ಎದ್ದು ನಿಂತಳು. ಮುಗಿಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಕೆಂಪಣ್ಣ ಸ್ವಾಮಿ," ಎಂದಳು. "ನನ್ನ ಮಗ ಕೆಂಪಣ್ಣ."

ಈಗೆಲ್ಲಿದ್ದಾನೆ ಎಂದು ಅವರು ಕೇಳಿದರು. ಮಿಲಿಟರಿಗೆ ಹೋದ, ಬರ್ಮಾ ಕಡೆಗೆ ಎಂದಳು. ದಫೇದಾರರು ತಟ್ಟನೆ ಅವಳತ್ತ ತಿರುಗಿದರು. ಚಿತ್ರ ತೆಗೆಯುವ ಮುಂಚೆಯೇ ಕೆಂಪಣ್ಣ ಸತ್ತಿದ್ದ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅಂದು ಆ ತಟ್ಟೆಗೆ ದಾರಿ ಬಿಟ್ಟವರು ತಾವೇ ಎಂಬುದೂ ಗೊತ್ತಿತ್ತು, ಬಾಯಿ ತೆರೆದರೆ ಮೊದಲು ಹೋಗುವುದು ತಮ್ಮ ನೌಕರಿ. ಅವರು ಮತ್ತೆ ಪರದೆ ನೋಡತೊಡಗಿದರು. ಸಬ್‌ಇನ್ಸ್‌ಪೆಕ್ಟರು ಭಲೇ ಎಂದು, ಸಿಪಾಯಿಯ ತಾಯಿಗೆ ಚಪ್ಪಾಳೆ ಹೊಡೆಯಿರಿ ಎಂದರು. ಎಲ್ಲರೂ ಹೊಡೆದರು. ಹಿಂದಿನಿಂದ ಯಾರೋ, ಕೆಂಪಣ್ಣ ಎಂದು ಗಟ್ಟಿಯಾಗಿ ಕೂಗಿದರು. ಆಮೇಲೆ ಇನ್ನೊಬ್ಬರು, ಆಮೇಲೆ ಇಡೀ ಊರು.

ರಂಗ ಸಿಕ್ಕಿಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಮನೆಗೆ ಬಂದ, ಮದುವೆಯಾದ, ಮುದುಕನಾಗಿಯೇ ಸತ್ತ. ಅದನ್ನು ಹೇಳಿದರೆ ಈ ಕಥೆ ಮುಗಿದಂತೆ ಎಂದು ಕೇಳಿದವರು ಎದ್ದುಬಿಡುತ್ತಾರೆ. ನನಗೆ ಉಳಿದದ್ದು ಬೇರೆ.

ಅಂದು ಕಣದಿಂದ ಮನೆಗೆ ಬರುವಾಗ ಹನುಮಕ್ಕ ನಮಗಿಂತ ಮುಂದೆ ಒಬ್ಬಳೇ ನಡೆಯುತ್ತಿದ್ದಳು. ಅವಳ ಬಾಗಿಲ ಹತ್ತಿರ ನಮ್ಮತ್ತೆ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ನನ್ನ ಮಗನನ್ನು ಉಳಿಸಿದೆ ಎಂದು ಅಳತೊಡಗಿದರು. ಹನುಮಕ್ಕ ನಿಧಾನವಾಗಿ ಕೈ ಬಿಡಿಸಿಕೊಂಡಳು.

"ನಿನ್ನ ಮಗನಿಗೋಸ್ಕರ ಎದ್ದು ನಿಲ್ಲಲಿಲ್ಲ ಕಣಕ್ಕ ನಾನು," ಎಂದಳು. "ಊರಲ್ಲಿರೋರ ಹೆಸರೆಲ್ಲ ಕೂಗಿದ್ರು. ನನ್ನ ಮಗನ ಹೆಸರು ಒಬ್ಬರಾದ್ರೂ ಕೂಗ್ಲಿ ಅನ್ನಿಸ್ತು."

ಅವಳು ಬಾಗಿಲು ನೂಕಿಕೊಂಡು ಒಳಗೆ ಹೋಗಿ ದೀಪ ಹಚ್ಚಿದಳು.